ಬೇಸಗೆಯ ದಿನಕ್ಕೆ ಒಂದು ಚಪ್ಪರ

ಕರ್ನಾಟಕದ ಶಾಲೆಗಳು ಸಾಮಾನ್ಯವಾಗಿ ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ ಬಾಗಿಲು ಹಾಕಿ ಮೇ ಕೊನೆಯಲ್ಲಿ ತೆರೆಯುತ್ತವೆ. ದೆಹಲಿಯಲ್ಲಿ ರಜೆ ಶುರುವಾಗುವುದೇ ಮೇ ನಡುವಿನಲ್ಲಿ. ಮುಗಿಯುವುದು ಜೂನ್ ಕೊನೆಗೆ. ಮುಂಬಯಿ, ಪುಣೆಗಳಲ್ಲಿ ಮೇ ತಿಂಗಳಿಡೀ ರಜೆಯಿದ್ದು ಜೂನ್ ನಡುವೆ ಶಾಲೆ ತೆರೆಯುತ್ತದೆ. ಹೈದರಾಬಾದಿನಲ್ಲಿ ಏಪ್ರಿಲ್ ಕೊನೆಯ ವಾರದಿಂದ ಜೂನ್ ಎರಡನೆಯ ವಾರದವರೆಗೆ. ಊರಿಗೆ ರೈಲಿನ ಟಿಕೆಟ್ಟು ಕಾಯ್ದಿರಿಸುವ ಹೊರನಾಡ ಕನ್ನಡಿಗರಿಗೆ ಈ ಲೆಕ್ಕವೆಲ್ಲ ಬಾಯಿಪಾಠ. ದೆಹಲಿಯ ಮಗು ಜೂನ್ ಮೊದಲ ವಾರದಲ್ಲಿ ಅಜ್ಜಿಯ ಮನೆ ತಲುಪಿದರೆ ಅಲ್ಲಿನ ಅಣ್ಣ, ಅಕ್ಕಂದಿರು ಆಗಲೇ ಸಮವಸ್ತ್ರ ತೊಟ್ಟು ಶಾಲೆಗೆ ಹೊರಟಿರುತ್ತಾರೆ. ಹಿಂದೆ ‘ರಜೆಗೆ ಊರಿಗೆ’ ಎಂಬ ಒಂದು ಮಾತಿನಲ್ಲಿ ಮುಗಿದುಹೋಗುತ್ತಿದ್ದ ವಿಷಯ ಈಗ ಹಾಗೆ ಮುಗಿಯುವುದಿಲ್ಲ. ಹತ್ತು ಹದಿನೈದು ದಿನ ಊರು. ಉಳಿದ ಮೂವತ್ತು ನಲವತ್ತು ದಿನ ನಗರದ ಎರಡು ಕೋಣೆಯ ಮನೆ.

ಈ ಉಳಿದ ದಿನಗಳಿಗೆ ನಮ್ಮಲ್ಲಿ ಎರಡು ಉತ್ತರಗಳು ರೂಢಿಯಲ್ಲಿವೆ. ಒಂದು, ಗಂಟೆಗಂಟೆಗೂ ಲೆಕ್ಕ ಬರೆದ ವೇಳಾಪಟ್ಟಿ: ಏಳಕ್ಕೆ ಯೋಗ, ಎಂಟಕ್ಕೆ ಗಣಿತ, ಒಂಬತ್ತಕ್ಕೆ ಚಿತ್ರಕಲೆ, ಹತ್ತಕ್ಕೆ ಬೇಸಗೆ ಶಿಬಿರದ ವ್ಯಾನು. ಇನ್ನೊಂದು, ಪಟ್ಟಿಯೇ ಇಲ್ಲದ ದಿನ: ಮಗು ಎದ್ದಾಗ ಬೆಳಗು, ಹಸಿದಾಗ ಊಟ, ಮಿಕ್ಕ ಹೊತ್ತಿಗೆಲ್ಲ ಮೊಬೈಲು. ಮೊದಲನೆಯದು ಸಾಮಾನ್ಯವಾಗಿ ಮೊದಲ ವಾರದಲ್ಲೇ ಮುರಿಯುತ್ತದೆ. ಮುರಿದ ಪಟ್ಟಿಯ ಜಾಗದಲ್ಲಿ ಬಂದು ಕೂರುವುದು ಎರಡನೆಯದೇ. ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಇವೆರಡೂ ಒಗ್ಗವು ಎಂಬುದು ನನ್ನ ಅಭಿಪ್ರಾಯ. ಆ ವಯಸ್ಸಿಗೆ ಬೇಕಾದದ್ದು ಕ್ರಮ. ಯಾವುದರ ಬಳಿಕ ಯಾವುದು ಎಂಬುದು ಗಟ್ಟಿಯಾಗಿರಬೇಕು. ಎಷ್ಟು ಗಂಟೆಗೆ, ಎಷ್ಟು ಹೊತ್ತು ಎಂಬುದು ಸಡಿಲವಾಗಿರಬೇಕು.

ಗಡಿಯಾರವನ್ನು ಓದಲು ಬಾರದ ಮಗುವಿಗೆ ‘ಹನ್ನೊಂದೂವರೆಗೆ’ ಎಂಬ ಮಾತು ದೊಡ್ಡವರ ಅಪ್ಪಣೆಯಾಗಿಯೇ ಕೇಳಿಸುತ್ತದೆ. ‘ಸ್ನಾನವಾದ ಮೇಲೆ ತಿಂಡಿ, ತಿಂಡಿಯಾದ ಮೇಲೆ ಬಣ್ಣದ ಪೆಟ್ಟಿಗೆ’ ಎಂಬುದು ಅದಕ್ಕೆ ಗೊತ್ತಿರುವ ದಾರಿ. ಮುಂದೆ ಏನು ಬರುತ್ತದೆಂದು ತಿಳಿದ ಮಗು ಹಟ ಕಡಿಮೆ ಮಾಡುತ್ತದೆ, ಏಕೆಂದರೆ ಕೈಯಲ್ಲಿರುವ ಆಟ ಬಿಟ್ಟರೆ ಏನು ಸಿಗುವುದೋ ಎಂಬ ಆತಂಕ ಅದಕ್ಕಿಲ್ಲ. ತಿಂಡಿ ಒಂದು ದಿನ ಎಂಟಕ್ಕಾಗಲಿ, ಮರುದಿನ ಒಂಬತ್ತಕ್ಕಾಗಲಿ, ಅದರ ಲೋಕ ಅಲುಗುವುದಿಲ್ಲ. ತಿಂಡಿಗೆ ಮುಂಚೆಯೇ ಟೀವಿ ಹಚ್ಚಿದಾಗ ಮಾತ್ರ ಅಲುಗುತ್ತದೆ.

ಇದನ್ನು ಹೇಳಲು ನಮ್ಮಲ್ಲಿ ಹಳೆಯ ಮಾತುಗಳೇ ಇವೆ. ವೇಳಾಪಟ್ಟಿ ಎಂಬುದು ರೈಲಿನದು, ಶಾಲೆಯದು. ಮನೆಯದು ದಿನಚರಿ. ಆಯುರ್ವೇದದ ಪ್ರಸಿದ್ಧ ಗ್ರಂಥವಾದ ವಾಗ್ಭಟನ ‘ಅಷ್ಟಾಂಗಹೃದಯ’ದಲ್ಲಿ ದಿನಚರ್ಯೆಯ ಅಧ್ಯಾಯ ಮುಗಿದೊಡನೆ ಋತುಚರ್ಯೆಯ ಅಧ್ಯಾಯ ಬರುತ್ತದೆ. ದಿನದ ನಡೆಯನ್ನು ಹೇಳಿ, ಮರುಕ್ಷಣವೇ ಆ ನಡೆ ಋತುವಿಗೆ ತಕ್ಕಂತೆ ಬದಲಾಗಬೇಕೆಂದು ಹೇಳಿದ ಹಾಗೆ. ಉಳಿದ ಕಾಲದಲ್ಲಿ ಹಗಲುನಿದ್ದೆಯನ್ನು ಒಪ್ಪದ ಆ ಶಾಸ್ತ್ರ ಗ್ರೀಷ್ಮದಲ್ಲಿ ಅದಕ್ಕೆ ಅನುಮತಿ ಕೊಡುತ್ತದೆ. ಆಹಾರ ಹಗುರವಾಗಿ, ತಂಪಾಗಿ, ದ್ರವವಾಗಿ ಇರಲಿ ಎನ್ನುತ್ತದೆ. ವೈದ್ಯದ ಚರ್ಚೆ ಇಲ್ಲಿ ನನ್ನ ಉದ್ದೇಶವಲ್ಲ. ನಿಯಮವೂ ಇರಬೇಕು, ಅದು ಕಾಲಕ್ಕೆ ಬಾಗಲೂ ಬೇಕು ಎಂಬ ವಿವೇಕ ನಮಗೆ ಹೊಸದಲ್ಲ ಎಂಬುದಷ್ಟೇ ನನ್ನ ಮಾತು.

ಹಾಗಾದರೆ ಬೇಸಗೆಯ ದಿನವನ್ನು ಕಟ್ಟುವುದು ಹೇಗೆ? ನನಗೆ ತೋಚುವ ಉಪಮಾನ ಚಪ್ಪರದ್ದು. ನಾಲ್ಕು ಕಂಬ ನೆಟ್ಟು ಮೇಲೆ ತೆಂಗಿನ ಗರಿ ಹೊದಿಸಿದರೆ ನೆರಳಾಯಿತು. ಗೋಡೆ ಇಲ್ಲ, ಗಾಳಿ ಎತ್ತಲಿಂದ ಬೇಕಾದರೂ ಬರಲಿ, ಮಕ್ಕಳು ಎತ್ತಲಿಂದ ಬೇಕಾದರೂ ಓಡಲಿ. ದಿನಕ್ಕೂ ನಾಲ್ಕೇ ಕಂಬ ಸಾಕು.

ಮೊದಲನೆಯದು ಬೆಳಗಿನ ಬಯಲು. ಜೂನ್ ತಿಂಗಳಲ್ಲಿ ದೆಹಲಿಯಲ್ಲಿ ಸೂರ್ಯ ಹುಟ್ಟುವುದು ಸುಮಾರು 5:25ಕ್ಕೆ, ಮುಳುಗುವುದು 7:20ರ ಆಸುಪಾಸಿಗೆ. ಬೆಂಗಳೂರಿನ ದಿನಕ್ಕಿಂತ ಇಲ್ಲಿನ ಹಗಲು ಒಂದು ಗಂಟೆಗೂ ಹೆಚ್ಚು ಉದ್ದ. ಆದರೆ ಎಂಟು ಗಂಟೆಯ ಮೇಲೆ ಬಿಸಿಲು ಸುಡುತ್ತದೆ. ಮಧ್ಯಾಹ್ನ ‘ಲೂ’ ಎಂದು ಇಲ್ಲಿ ಕರೆಯುವ ಬಿಸಿಗಾಳಿ ಬೀಸುವಾಗ ಮಗುವನ್ನು ಹೊರಗೆ ಕಳಿಸುವಂತೆಯೇ ಇಲ್ಲ. ಆದ್ದರಿಂದ ಇಲ್ಲಿನ ಮಕ್ಕಳ ಹೊರಗಿನ ಆಟಕ್ಕೆ ಎರಡೇ ತುಂಡು: ಎಂಟರ ಒಳಗೆ, ಆರರ ಆಚೆಗೆ. ಚೆನ್ನೈಯವರು ಕಡಲ ಗಾಳಿ ಏಳುವ ಹೊತ್ತು ನೋಡಿಕೊಳ್ಳಬಹುದು. ಮುಂಬಯಿಯವರ ಕಷ್ಟ ಬೇರೆ. ಜೂನ್ ಎರಡನೆಯ ವಾರದ ಹೊತ್ತಿಗೆ ಮಳೆ ಬರುತ್ತದೆ, ಅಲ್ಲಿಯವರೆಗೆ ನಡೆದ ಕ್ರಮ ಒಂದೇ ದಿನದಲ್ಲಿ ನೆನೆದು ಹೋಗುತ್ತದೆ. ಆಗ ಬಯಲಿನ ಬದಲು ಮೆಟ್ಟಿಲು, ಮೊಗಸಾಲೆ, ಕಟ್ಟಡದ ಕೆಳಗಿನ ವಾಹನ ನಿಲ್ಲದ ಮೂಲೆ. ಜಾಗ ಬದಲಾದರೂ ಕಂಬ ಉಳಿಯಲಿ. ಮೂರು, ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಟ್ಟು 180 ನಿಮಿಷ ಮೈ ಆಡಬೇಕು, ಅದರಲ್ಲಿ ಕನಿಷ್ಠ 60 ನಿಮಿಷ ಉಸಿರು ಏರುವಂತೆ ಆಡಬೇಕು, ಕೂತು ಪರದೆ ನೋಡುವುದು ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ನೂರೆಂಬತ್ತು ನಿಮಿಷ ಎಂದರೆ ದೊಡ್ಡದಾಗಿ ಕಾಣುತ್ತದೆ. ಬೆಳಗು, ಸಂಜೆ ಹೊರಗಾಡಿ, ಮನೆಯೊಳಗೂ ಓಡಾಡುವ ಮಗುವಿಗೆ ಅದು ತಾನಾಗಿ ಆಗುತ್ತದೆ.

ಎರಡನೆಯ ಕಂಬ ಮಧ್ಯಾಹ್ನದ ಊಟ ಮತ್ತು ಅದರ ಬಳಿಕದ ಮೌನ. ಮೊಸರನ್ನವೋ, ಮಜ್ಜಿಗೆಯೋ, ಹಗುರವಾದ ಊಟ. ಪರದೆ ಎಳೆದ ಕೋಣೆ. ಒಂದೂವರೆ ಗಂಟೆ ಮನೆಯಲ್ಲಿ ಸದ್ದಿಲ್ಲ. ನಿದ್ದೆ ಬಂದವರು ಮಲಗಲಿ. ಬಾರದವರು ಪುಸ್ತಕದ ಚಿತ್ರ ನೋಡುತ್ತ ಬಿದ್ದುಕೊಂಡಿರಲಿ. ನಿದ್ದೆಯನ್ನು ಬಲವಂತ ಮಾಡಬೇಕಿಲ್ಲ, ಮೌನವನ್ನು ಮಾತ್ರ ಬಿಡಬಾರದು. ಮಗುವಿಗೆ ಎಷ್ಟು ಅಗತ್ಯವೋ ಅದನ್ನು ನೋಡಿಕೊಳ್ಳುವವರಿಗೂ ಅಷ್ಟೇ ಅಗತ್ಯವಾದ ಹೊತ್ತು ಇದು.

ಮೂರನೆಯದು ಮನೆಗೆಲಸದಲ್ಲಿ ಒಂದು ಪಾಲು. ನಮ್ಮ ಹಿಂದಿನ ಬೇಸಗೆಗಳಲ್ಲಿ ಮಕ್ಕಳಿಗೆಂದು ಯಾರೂ ಚಟುವಟಿಕೆ ಯೋಜಿಸಲಿಲ್ಲ. ಮಾಳಿಗೆಯ ಮೇಲೆ ಹಪ್ಪಳ, ಸಂಡಿಗೆ ಒಣಗುತ್ತಿದ್ದವು. ಕಾಗೆ ಓಡಿಸಲು ಯಾರಾದರೂ ಬೇಕಿತ್ತು. ಆ ಮಗುವಿಗೆ ತಾನು ಬೇಕಾದವನು ಎಂಬ ಭಾವ ಪುಕ್ಕಟೆಯಾಗಿ ದೊರೆಯುತ್ತಿತ್ತು. ಈಗ ಮಾಳಿಗೆ ಇಲ್ಲ. ಬಾಲ್ಕನಿಯಲ್ಲಿ ಒಂದು ತಟ್ಟೆಯಷ್ಟು ಸಂಡಿಗೆ ಇಡಬಹುದು. ಬಟಾಣಿ ಸುಲಿಯುವುದು, ಒಗೆದ ಕಾಲುಚೀಲಗಳ ಜೋಡಿ ಹುಡುಕುವುದು, ಗಿಡಕ್ಕೆ ನೀರು ಹಾಕುವುದು, ಊಟಕ್ಕೆ ತಟ್ಟೆ ಇಡುವುದು ಇವೆಲ್ಲ ನಾಲ್ಕು ವರ್ಷದ ಕೈಗೆ ಎಟಕುವ ಕೆಲಸಗಳು. ನಾವೇ ಮಾಡಿದರೆ ಐದು ನಿಮಿಷ, ಮಗು ಮಾಡಿದರೆ ಇಪ್ಪತ್ತು. ರಜೆ ಎಂದರೆ ಆ ಹದಿನೈದು ನಿಮಿಷ ಕೊಡಲು ಸಾಧ್ಯವಾಗುವ ಕಾಲ ಎಂದುಕೊಳ್ಳೋಣ.

ನಾಲ್ಕನೆಯದು ರಾತ್ರಿಯ ಕಥೆ, ಅದೂ ಕನ್ನಡದಲ್ಲಿ. ನಮ್ಮ ಮಟ್ಟಿಗೆ ಚಪ್ಪರದ ಭಾರವೆಲ್ಲ ನಿಂತಿರುವುದು ಇದರ ಮೇಲೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಸಾಧ್ಯವಿರುವೆಡೆ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತು, ಮಾತೃಭಾಷೆ ಅಥವಾ ಸ್ಥಳೀಯ ಭಾಷೆಯಲ್ಲಿ ಕಲಿಕೆ ನಡೆಯಲಿ ಎನ್ನುತ್ತದೆ. ಪುಣೆಯಲ್ಲೋ ದೆಹಲಿಯಲ್ಲೋ ಓದುವ ನಮ್ಮ ಮಕ್ಕಳ ಪೈಕಿ ಬಹುಪಾಲಿಗೆ ಅದು ದಕ್ಕುವುದಿಲ್ಲ. ವರ್ಷದ ಉಳಿದ ದಿನಗಳಲ್ಲಿ ಮಗು ಬೆಳಗ್ಗೆ ಕನ್ನಡದಲ್ಲಿ ಎದ್ದು, ಹಗಲೆಲ್ಲ ಹಿಂದಿಯಲ್ಲೋ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇದ್ದು, ದಣಿದ ಸಂಜೆಯ ಎರಡು ಮಾತಿಗೆ ಮಾತ್ರ ಕನ್ನಡಕ್ಕೆ ಮರಳುತ್ತದೆ. ಕನ್ನಡ ‘ಊಟ ಮಾಡು, ಮಲಗು, ಹಾಗೆ ಮಾಡಬೇಡ’ ಎಂಬ ಅಪ್ಪಣೆಗಳ ಭಾಷೆಯಾಗಿ ಕುಗ್ಗುತ್ತದೆ. ಬೇಸಗೆಯ ಈ ನಲವತ್ತು ದಿನಗಳಲ್ಲಿ ಅದು ಇಡೀ ಹಗಲಿನ ಭಾಷೆಯಾಗಬಲ್ಲದು: ಸೋಲುವುದಕ್ಕೆ, ಗೆಲ್ಲುವುದಕ್ಕೆ, ಜಗಳಕ್ಕೆ, ಸುಳ್ಳು ಕಥೆ ಕಟ್ಟುವುದಕ್ಕೆ.

ಆದ್ದರಿಂದಲೇ ರಜೆಯಲ್ಲಿ ಮೇಜಿನ ಮುಂದೆ ಕೂರಿಸಿ ‘ಅ ಆ ಇ ಈ’ ತಿದ್ದಿಸುವುದನ್ನೇ ಕನ್ನಡ ಎಂದುಕೊಂಡರೆ ನಷ್ಟ ನಮ್ಮದೇ. ಅಕ್ಷರ ಬೇಕು, ಆದರೆ ಮಾತಿನ ರುಚಿ ಹತ್ತಿದ ಮೇಲೆ. ಅಳಗುಳಿ ಮಣೆ ಮನೆಯಲ್ಲಿಲ್ಲದಿದ್ದರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಏಳೇಳರಂತೆ ಎರಡು ಸಾಲು, ಹದಿನಾಲ್ಕು ಗುಂಡಿ ಬರೆದರಾಯಿತು. ಚೌಕಾಬಾರಕ್ಕೆ ಇಪ್ಪತ್ತೈದು ಮನೆ. ಕವಡೆ ಇಲ್ಲವೆಂದರೆ ಹುಣಸೆ ಬೀಜದ ಒಂದು ಮಗ್ಗುಲನ್ನು ಬಿಳಿಯಾಗುವಂತೆ ತೇಯ್ದರೆ ದಾಳ ಸಿದ್ಧ. ಕೈಗೆ ಸಿಕ್ಕಿದ್ದನ್ನು ಬಾಯಿಗಿಡುವ ವಯಸ್ಸು ದಾಟಿದ ಮಕ್ಕಳಿಗೆ ಇವು ಎಣಿಕೆಯನ್ನೂ ಭಾಷೆಯನ್ನೂ ಒಟ್ಟಿಗೆ ಕಲಿಸುತ್ತವೆ. ಕಲಿಸುತ್ತಿದ್ದೇವೆ ಎಂದು ನಾವು ಹೇಳದಿದ್ದರೆ ಆಯಿತು.

ಕಂಬಗಳ ನಡುವಿನ ಜಾಗವನ್ನು ಏನು ಮಾಡುವುದು? ಬಿಡುವುದು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಾಡಿದ ಪ್ರಯೋಗಗಳ ಹಿಂದೆ, ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಆರಂಭಿಸಿದ ಬಾಲಮಂದಿರದ ಹಿಂದೆ ಇದ್ದದ್ದು ಮಗುವಿನ ಕುತೂಹಲದ ಮೇಲಿನ ನಂಬಿಕೆ. ನಮಗೆ ಆ ನಂಬಿಕೆ ಸಾಲದು. ಮಗು ‘ಬೇಜಾರು’ ಎಂದೊಡನೆ ಏನಾದರೂ ತಪ್ಪಾಯಿತೆಂದು ಗಾಬರಿಗೊಂಡು ಫೋನು ಕೈಗಿಡುತ್ತೇವೆ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಬೇಜಾರಿನ ಆಚೆ ದಡದಲ್ಲಿ ಆಟವೊಂದು ಹುಟ್ಟುತ್ತದೆ. ದಿಂಬು ದೋಣಿಯಾಗುತ್ತದೆ, ಮಂಚದ ಕೆಳಗು ಗುಹೆಯಾಗುತ್ತದೆ. ಶಾಲೆ ಕೊಟ್ಟ ರಜೆಯ ಅಭ್ಯಾಸಕ್ಕೆ ತಿಂಡಿಯ ಬಳಿಕ ಇಪ್ಪತ್ತು ನಿಮಿಷ ಸಾಕು. ಶಿಬಿರಕ್ಕೆ ನನ್ನ ವಿರೋಧವಿಲ್ಲ. ಒಳ್ಳೆಯ ರಂಗಶಿಬಿರವೊಂದು ಮಗುವಿಗೆ ಕೊಡುವುದನ್ನು ಮನೆ ಕೊಡಲಾರದು. ಆದರೆ ಒಂದು ರಜೆಗೆ ಒಂದು ಶಿಬಿರ ಎಂಬ ಮಿತಿ ಇರಲಿ.

ಇಷ್ಟನ್ನೂ ಓದಿದವರು ಕೇಳಬಹುದು: ಇಬ್ಬರೂ ದುಡಿಯುವ ಮನೆಯಲ್ಲಿ ಈ ಚಪ್ಪರ ಹಾಕುವವರು ಯಾರು? ನ್ಯಾಯವಾದ ಪ್ರಶ್ನೆ. ನಮ್ಮ ಕೇಂದ್ರ ಸರ್ಕಾರಿ ಸೇವೆಯಲ್ಲಿ ಮಹಿಳೆಯರಿಗೆ, ಮೊದಲ ಇಬ್ಬರು ಮಕ್ಕಳು ಹದಿನೆಂಟು ತುಂಬುವವರೆಗೆ, ಇಡೀ ಸೇವಾವಧಿಗೆ 730 ದಿನಗಳ ಶಿಶುಪಾಲನಾ ರಜೆಯಿದೆ. ಮೊದಲ 365 ದಿನಕ್ಕೆ ಪೂರ್ತಿ ಸಂಬಳ, ಮುಂದಿನ 365ಕ್ಕೆ ಶೇಕಡಾ 80. ಒಬ್ಬನೇ ಮಗುವನ್ನು ಸಾಕುವ ಪುರುಷ ನೌಕರನಿಗೂ ಇದು ಉಂಟು. ಪತ್ನಿಯಿರುವ ತಂದೆಗೆ ಇಲ್ಲ. ಮನೆಯಲ್ಲಿ ಹೆಂಗಸೊಬ್ಬಳಿದ್ದರೆ ಮಗುವಿನ ಹಗಲು ಅವಳದೇ ಎಂದು ನಿಯಮವೇ ಊಹಿಸಿಕೊಂಡಂತಿದೆ. ಖಾಸಗಿ ಕಂಪನಿಗಳಲ್ಲಿ ದುಡಿಯುವ ಪುಣೆ, ಹೈದರಾಬಾದಿನ ನಮ್ಮವರಲ್ಲಿ ಬಹಳ ಮಂದಿಗೆ ಇಷ್ಟೂ ಇಲ್ಲ. ಮನೆಯಿಂದಲೇ ಕೆಲಸ ಎಂದರೆ ಒಂದು ಕಣ್ಣು ಪರದೆಯ ಮೇಲೆ, ಇನ್ನೊಂದು ಮಗುವಿನ ಮೇಲೆ. ಗಂಟೆಗಂಟೆಯ ಪಟ್ಟಿ ಇಂಥ ಮನೆಯಲ್ಲಿ ಕೊನೆಗೆ ತಾಯಿಯ ತಪ್ಪುಗಳ ಪಟ್ಟಿಯಾಗುತ್ತದೆ. ನಾಲ್ಕು ಕಂಬವಾದರೆ ಹಂಚಿಕೊಳ್ಳಬಹುದು. ಬೆಳಗಿನ ಬಯಲು ತಂದೆಯದಾಗಲಿ. ಕಚೇರಿಗೆ ಮುಂಚಿನ ಒಂದು ಗಂಟೆಗೆ ಯಾವ ರಜೆಯ ಅರ್ಜಿಯೂ ಬೇಡ. ಮಧ್ಯಾಹ್ನದ ಮೌನವನ್ನು ಮನೆಗೆಲಸದವರೂ ಕಾಯಬಲ್ಲರು, ಕ್ರಮವನ್ನು ಅವರಿಗೆ ವಿವರಿಸಿ ಹೇಳಿದರೆ. ಓದಲು ಬಾರದ ಮಗುವಿಗಾಗಿ ನಾಲ್ಕು ಚಿತ್ರ ಬರೆದು ಗೋಡೆಗೆ ಅಂಟಿಸಿದರೆ ದೊಡ್ಡವರಿಗೂ ನೆನಪಾಗುತ್ತದೆ.

ರಜೆಗೆಂದು ಊರಿನಿಂದ ಬರುವ ಅಜ್ಜ, ಅಜ್ಜಿಯರ ಬಗೆಗೂ ಒಂದು ಮಾತು. ಅವರನ್ನು ನಾವು ಮಕ್ಕಳನ್ನು ಕಾಯಲು ಕರೆಸಿಕೊಳ್ಳುತ್ತೇವೆ. ನೆರೆಯವರ ಭಾಷೆ ಬಾರದ ಊರಿನಲ್ಲಿ, ಬಾಗಿಲು ಮುಚ್ಚಿದ ಮನೆಯಲ್ಲಿ, ಆ ವಯಸ್ಸಿಗೆ ಹನ್ನೆರಡು ಗಂಟೆ ಮಗುವಿನ ಹಿಂದೆ ಓಡುವುದು ಶಿಕ್ಷೆ. ಅವರಿಗೆ ಕಥೆಯನ್ನು ಕೊಡೋಣ, ಸಂಡಿಗೆಯನ್ನು ಕೊಡೋಣ, ಚೌಕಾಬಾರವನ್ನು ಕೊಡೋಣ. ಓಟವನ್ನು ನಾವು ಇಟ್ಟುಕೊಳ್ಳೋಣ.

ಇದು ಒಂದೊಂದು ಮನೆಯಿಂದ ಮಾತ್ರ ಆಗುವ ಕೆಲಸವೂ ಅಲ್ಲ. ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಮಕ್ಕಳನ್ನು ವೇದಿಕೆಗೆ ಹತ್ತಿಸುತ್ತವೆ. ಅದಕ್ಕೆ ಬೇಕಾದ ಭಾಷೆ ಬೆಳೆಯುವ ಬೇಸಗೆಯಲ್ಲಿ ಸುಮ್ಮನಿರುತ್ತವೆ. ಶಿಬಿರ, ಶುಲ್ಕ, ಪ್ರಮಾಣಪತ್ರ ಯಾವುದೂ ಬೇಡ. ಹತ್ತಿರ ಹತ್ತಿರ ಇರುವ ನಾಲ್ಕು ಕನ್ನಡ ಮನೆಗಳನ್ನು ಒಂದಕ್ಕೊಂದು ಪರಿಚಯಿಸಿದರೆ ಸಾಕು. ವಾರಕ್ಕೊಂದು ಹಗಲು ಒಂದೊಂದು ಮನೆ ಎಲ್ಲ ಮಕ್ಕಳನ್ನೂ ಕರೆದುಕೊಂಡರೆ ನಾಲ್ಕು ಹಗಲು ಕಳೆಯಿತು. ದುಡಿಯುವ ತಂದೆತಾಯಿಗೆ ಮೂರು ಹಗಲು ಬಿಡುವಾಯಿತು. ಮಕ್ಕಳಿಗೆ ಕನ್ನಡದಲ್ಲಿ ಜಗಳವಾಡಲು ಜೊತೆಯಾಯಿತು. ಈ ರಜೆಗೆ ಇನ್ನೂ ಸಮಯವಿದೆ. ನಿಮ್ಮ ಬಡಾವಣೆಯಲ್ಲಿ ಅಂಥ ಮೂರು ಮನೆಗಳು ಯಾವುವು ಎಂದು ಈ ಭಾನುವಾರವೇ ವಿಚಾರಿಸಿ ನೋಡಿ.