ಮೊದಲ ದಿನದ ದುಡ್ಡು

ಸಾವಿನ ಮನೆಯಲ್ಲಿ ದುಡ್ಡಿನ ಮಾತು ಆಡಬಾರದು ಅನ್ನುತ್ತಾರೆ. ಹಾಗೆ ಅನ್ನುವವರು ಸಾಮಾನ್ಯವಾಗಿ ಶಾಮಿಯಾನದ ಕೆಳಗೆ ಕುರ್ಚಿ ಹಾಕಿಕೊಂಡು ಕೂತ ಗಂಡಸರು. ಒಳಗೆ ಅಕ್ಕಿ ಡಬ್ಬದ ತಳ ಕಾಣುತ್ತಿರುವುದು ಅವರಿಗೆ ಗೊತ್ತಿರುವುದಿಲ್ಲ. ನಮಗೆ ಗೊತ್ತಿರುತ್ತದೆ.

ಕೆಲವು ವರ್ಷಗಳ ಹಿಂದೆ ಹನಗೋಡಿನ ಕಡೆಯ ನಮ್ಮ ನೆಂಟರ ಮನೆಗೆ ಅವರ ಮಗ ಧ್ವಜ ಹೊದ್ದುಕೊಂಡು ಬಂದ. ಗಡಿಯಲ್ಲಿ ಕೆಲಸದ ಮೇಲಿದ್ದಾಗ ಹೋದ ಹುಡುಗ. ಲಕ್ಷ್ಮಣತೀರ್ಥದ ಆಚೆ ಈಚೆ ಊರುಗಳವರೆಲ್ಲ ಸೇರಿದ್ದರು. ಹಾರಗಳು ಬಂದವು, ಅಧಿಕಾರಿಗಳು ಬಂದರು, ಗಾಳಿಯಲ್ಲಿ ಗುಂಡು ಹಾರಿಸಿದರು, ಧ್ವಜ ಮಡಿಸಿ ಸೊಸೆಯ ಕೈಗೆ ಕೊಟ್ಟರು. ಎಲ್ಲ ಅಚ್ಚುಕಟ್ಟಾಗಿ ನಡೆಯಿತು, ನಾನದನ್ನು ಹೀಗಳೆಯುವವಳಲ್ಲ. ಆದರೆ ಬೆಳಗಿನ ಜಾವದಿಂದ ಬಂದವರಿಗೆ ಕಾಫಿ, ದೂರದವರಿಗೆ ಊಟ, ಶಾಮಿಯಾನ, ಕುರ್ಚಿ, ಮೈಕಿನ ಬಾಡಿಗೆ, ಮೂರನೇ ದಿನದ ಹಾಲುತುಪ್ಪ, ಹನ್ನೊಂದನೇ ದಿನದ ತಿಥಿ, ಇದಕ್ಕೆಲ್ಲ ದುಡ್ಡು ಎಲ್ಲಿಂದ ಬಂತು ಗೊತ್ತೆ? ಅತ್ತೆ ತನ್ನ ಕಿವಿಯ ಓಲೆ ಬಿಚ್ಚಿ ಹುಣಸೂರಿನ ಗಿರವಿ ಅಂಗಡಿಗೆ ಕಳಿಸಿದಳು. ಸೊಸೆಯದನ್ನು ಕೇಳಲು ಬಾಯಿ ಬರಲಿಲ್ಲವಂತೆ. ಹೊಗೆಸೊಪ್ಪು ಹರಾಜಾಗುವುದಕ್ಕೆ ಇನ್ನೂ ತಿಂಗಳುಗಳಿದ್ದವು. ಬ್ಯಾರನ್ನಿಗೆಂದು ಕೂಡಿಟ್ಟಿದ್ದ ಸೌದೆಯಲ್ಲೇ ಒಂದಿಷ್ಟು ಅವನ ಚಿತೆಗೆ ಹೋಯಿತು.

'ಸರ್ಕಾರ ಲಕ್ಷಗಟ್ಟಲೆ ಕೊಡುತ್ತದಲ್ಲಮ್ಮ, ಇನ್ನು ಅಕ್ಕಿಬೇಳೆ ಲೆಕ್ಕ ಯಾಕೆ?' ಎಂದು ಒಬ್ಬರು ನನ್ನನ್ನು ಕೇಳಿದರು. ಕೊಡುತ್ತದೆ, ಇಲ್ಲವೆನ್ನುವುದಿಲ್ಲ. 2016ರ ಜನವರಿ 1ರಿಂದ ಅನ್ವಯವಾಗುವಂತೆ ಕೇಂದ್ರ ಸರ್ಕಾರ ಪರಿಹಾರದ ಮೊತ್ತ ಹೆಚ್ಚಿಸಿತು. ಕರ್ತವ್ಯದಲ್ಲಿ ಅಪಘಾತವಾಗಿಯೋ ಭಯೋತ್ಪಾದಕರ ಕೈಯಲ್ಲೋ ಸತ್ತರೆ 25 ಲಕ್ಷ, ಗಡಿ ಘರ್ಷಣೆಯಲ್ಲೋ ಗೊತ್ತುಮಾಡಿದ ಎತ್ತರದ ಹಿಮಪ್ರದೇಶದಲ್ಲೋ ಆದರೆ 35 ಲಕ್ಷ, ಯುದ್ಧದಲ್ಲಾದರೆ 45 ಲಕ್ಷ. ಆದರೆ ಆ ದುಡ್ಡು ಕಾಗದದ ದಾರಿಯಲ್ಲಿ ಬರುತ್ತದೆ. ಮರಣಪತ್ರ, ವಂಶವೃಕ್ಷ, ಪಾಸ್‌ಬುಕ್ಕು, ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದರೆ ಅದಕ್ಕೊಂದು ಅಫಿಡವಿಟ್ಟು. ಆ ಸೊಸೆ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಒಂದು ಕಚೇರಿಯ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂತದ್ದನ್ನು ನಾನೇ ಕಂಡಿದ್ದೇನೆ. ಲಕ್ಷಗಳು ಬರುವವರೆಗೆ ಕಿರಾಣಿ ಅಂಗಡಿಯವನು ಕಾಯುತ್ತಾನೆಯೇ?

1962, 1965, 1971ರ ಯುದ್ಧಗಳಲ್ಲಿ ಸತ್ತವರಿಗೆ ಬಹುಮಟ್ಟಿಗೆ ರಣರಂಗದ ಹತ್ತಿರವೇ ಸಂಸ್ಕಾರವಾಗುತ್ತಿತ್ತು. ಮನೆಗೆ ಬರುತ್ತಿದ್ದದ್ದು ತಂತಿ, ಆಮೇಲೆ ಅವನ ಟ್ರಂಕು. 1999ರ ಕಾರ್ಗಿಲ್ಲಿನಿಂದ ಶವವನ್ನೇ ಮನೆಗೆ ಕಳಿಸುವ ರೂಢಿ ಬೆಳೆಯಿತು. ಒಳ್ಳೆಯದೇ ಆಯಿತು, ತಾಯಿ ಕೊನೆಗೆ ಮುಖವಾದರೂ ನೋಡುತ್ತಾಳೆ. ಆದರೆ ಶವದ ಜೊತೆಯಲ್ಲಿ ಅದರ ಖರ್ಚೂ ಮನೆಗೇ ಬಂತಲ್ಲ, ಅದನ್ನು ಯಾರು ಲೆಕ್ಕ ಹಾಕಿದರು? ಪೆಟ್ಟಿಗೆಯ ಲೆಕ್ಕ ಮಾತ್ರ ಡಾಲರಿನಲ್ಲಿ ನಡೆಯಿತು. ಅದೇ ವರ್ಷ ಅಮೆರಿಕದ ಕಂಪನಿಯೊಂದಕ್ಕೆ ಒಂದೊಂದಕ್ಕೆ 2,500 ಡಾಲರಿನಂತೆ 500 ಅಲ್ಯೂಮಿನಿಯಂ ಶವಪೆಟ್ಟಿಗೆಗಳಿಗೆ ಬೇಡಿಕೆ ಹೋಯಿತು. ಮೊದಲ ಕಂತು ಬಂದದ್ದು ಯುದ್ಧ ಮುಗಿದು ಎಷ್ಟೋ ತಿಂಗಳಾದ ಮೇಲೆ, ಬಂದ ಪೆಟ್ಟಿಗೆಗಳೂ ಹೇಳಿದ್ದಕ್ಕಿಂತ ಭಾರ. 2001ರಲ್ಲಿ ಮಹಾಲೇಖಪಾಲರ ವರದಿ ಅದನ್ನು ಎತ್ತಿ ತೋರಿಸಿತು. 2013ರಲ್ಲಿ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು, ಆ ತೀರ್ಪಿನ ಮೇಲೆ ನನ್ನ ತಕರಾರಿಲ್ಲ. ಪೆಟ್ಟಿಗೆಗೆ ದುಡ್ಡು ಹೊಂದಿಸಿದವರಿಗೆ ಪೆಟ್ಟಿಗೆ ಇಳಿಯುವ ಮನೆಯ ಒಲೆ ನೆನಪಾಗಲಿಲ್ಲ ಎಂಬುದು ನನ್ನ ತಕರಾರು.

ಇದು ಎಲ್ಲೋ ದೂರದ ಕಥೆಯಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್ನಿನ 19,600 ಅಡಿ ಎತ್ತರದಲ್ಲಿ ಹಿಮ ಕುಸಿದು ಹತ್ತು ಜನ ಹೂತುಹೋದರು. ಬೆಟದೂರಿನ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಉಸಿರಾಡಿಕೊಂಡಿದ್ದದ್ದು ನಿಮಗೆಲ್ಲ ನೆನಪಿದೆ. ಆ ಹತ್ತು ಜನರಲ್ಲಿ ನಮ್ಮ ಪಕ್ಕದ ಎಚ್.ಡಿ. ಕೋಟೆಯ ಸಿಪಾಯಿ ಪಿ.ಎನ್. ಮಹೇಶ ಇದ್ದ, ಹಾಸನದ ತೇಜೂರಿನ ಸುಬೇದಾರ್ ನಾಗೇಶ ಇದ್ದರು. 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಸಿ.ಆರ್.ಪಿ.ಎಫ್.ನ ನಲವತ್ತು ಜನ ಸತ್ತಾಗ ಮದ್ದೂರಿನ ಗುಡಿಗೆರೆಯ ಗುರುವಿನ ಸಂಸ್ಕಾರಕ್ಕೆ ಮನೆಯವರ ಹೆಸರಿನಲ್ಲಿ ಜಮೀನಿರಲಿಲ್ಲ. ಸರ್ಕಾರಿ ಜಾಗ ಗೊತ್ತುಮಾಡಬೇಕಾಯಿತು. ದೇಶದ ನೆಲ ಕಾಯಲು ಹೋದವನಿಗೆ ಊರಿನಲ್ಲಿ ಆರಡಿ ನೆಲವಿಲ್ಲ. ಬಡವರ ಮಕ್ಕಳೇ ತಾನೇ ಸಿಪಾಯಿಗಳಾಗುವುದು?

ಅಮೆರಿಕದವರು 1862ರಲ್ಲೇ, ಅವರ ಅಂತರ್ಯುದ್ಧ ನಡೆಯುತ್ತಿದ್ದಾಗಲೇ, ಸೈನಿಕರಿಗೆಂದು ರಾಷ್ಟ್ರೀಯ ಸ್ಮಶಾನಗಳ ಕಾನೂನು ಮಾಡಿಕೊಂಡರು. ಅಲ್ಲಿ ಇವತ್ತಿಗೂ ಜಾಗಕ್ಕೂ ಕಲ್ಲಿಗೂ ಮನೆಯವರು ಕಾಸು ಕೊಡುವುದಿಲ್ಲ, ಹೆಂಡತಿಗೂ ಗಂಡನ ಜೊತೆ ಅಲ್ಲೇ ಜಾಗ. ಎಲ್ಲದರಲ್ಲೂ ಅವರನ್ನು ನೋಡಿ ಕಲಿಯುವ ನಾವು ಇದೊಂದನ್ನು ಬಿಟ್ಟೆವು.

ನಾನು ಕೇಳುವುದು ಹೆಚ್ಚಿನದೇನಲ್ಲ. ಸುದ್ದಿ ಬಂದ ದಿನವೇ ತಹಸೀಲ್ದಾರರ ಕೈಯಲ್ಲಿ ಅದಕ್ಕೆಂದೇ ಒಂದು ಮೊತ್ತವಿರಲಿ. ಗ್ರಾಮಲೆಕ್ಕಿಗರು ಅರ್ಜಿ ಕೇಳದೆ, ಫೋಟೋ ತೆಗೆಸದೆ, ಅದನ್ನು ಮನೆಗೆ ತಂದುಕೊಡಲಿ. ಕೊಡುವುದು ಹೆಂಗಸಿನ ಕೈಗೆ, ಹೆಂಡತಿಗೋ ತಾಯಿಗೋ. ಶಾಮಿಯಾನದ ಕೆಳಗಿನವರಿಗಲ್ಲ. ಆಮೇಲೆ ಬರುವ ಲಕ್ಷಗಳಲ್ಲಿ ಇದನ್ನು ಮುರಿದುಕೊಳ್ಳಬಾರದು. ತಿಥಿಗೆ ದುಂದು ಮಾಡುತ್ತಾರೆ ಎಂದು ಮೂಗು ಮುರಿಯುವವರು ಒಮ್ಮೆ ಆ ಮನೆಗೆ ಬಂದು, ಸಾವಿರ ಜನ ಬಾಗಿಲಿಗೆ ಬಂದು ನಿಂತಾಗ ಯಾರಿಗೆ ನೀರು ಕೊಟ್ಟು ಯಾರಿಗೆ ಬಿಡುತ್ತಾರೆಂದು ತೋರಿಸಿಕೊಡಲಿ.

ಪರಿಹಾರದ ದುಡ್ಡು ಕೊನೆಗೆ ಬಂತು, ಸೊಸೆಯ ಖಾತೆಗೆ ಸೇರಿತು. ಓಲೆ ಬಿಡಿಸಿಕೊಳ್ಳಲು ಅತ್ತೆ ಅದರಲ್ಲಿ ಒಂದು ಪೈಸೆ ಕೇಳಲಿಲ್ಲ. ಅದು ಮಗುವಿನ ದುಡ್ಡು ಅಂದಳು. ಮುಂದಿನ ವರ್ಷ ಹೊಗೆಸೊಪ್ಪಿಗೆ ಒಳ್ಳೆಯ ರೇಟು ಸಿಗುವವರೆಗೆ ಕಿವಿಯ ತೂತಿಗೆ ಬೇವಿನಕಡ್ಡಿ ಸಿಕ್ಕಿಸಿಕೊಂಡೇ ಓಡಾಡಿದಳು.