ಪ್ಯಾಕೇಜ್ ಮಾಡೋರಿಗೆ ದಾರಿ ಹೇಳೋರು ಬೇಕು

ಲಿನಕ್ಸ್‌ನಲ್ಲಿ ಕನ್ನಡ ಓದುವವರಿಗೆ ಒಂದು ಪ್ರಶ್ನೆ. ಡೆಬಿಯನ್ನೋ ಉಬುಂಟುವೋ ಹಾಕಿಕೊಂಡು ಒಂದೇ ಒಂದು ಸಾಲಿನ ಆಜ್ಞೆ ಕೊಟ್ಟರೆ ಗುಬ್ಬಿ, ನವಿಲು, ಲೋಹಿತ್ ಫಾಂಟುಗಳು ಬಂದು ಕೂರುತ್ತವಲ್ಲ, ಅವನ್ನು ಅಲ್ಲಿಗೆ ತಂದಿಟ್ಟವರು ಯಾರು? ಫಾಂಟ್ ಮಾಡಿದವರ ಹೆಸರು ಕೆಲವರಿಗಾದರೂ ಗೊತ್ತಿರುತ್ತೆ. ಗುಬ್ಬಿ, ನವಿಲು ಎರಡೂ ಅರವಿಂದ ವಿ.ಕೆ. ಅವರ ಕೆಲಸ. ಆದರೆ ಫಾಂಟ್ ಮಾಡೋದು ಬೇರೆ, ಅದನ್ನು ಪ್ಯಾಕೇಜ್ ಮಾಡಿ ವರ್ಷಗಟ್ಟಲೆ ನೋಡಿಕೊಳ್ಳೋದು ಬೇರೆ. ಈ ಎರಡನೇ ಕೆಲಸ ಮಾಡೋರಿಗೆ ಮೇಂಟೇನರ್ ಅಂತಾರೆ. ಬಹುಪಾಲು ಸಂಬಳವಿಲ್ಲದ ಕೆಲಸ, ಹೆಸರೂ ಬರೋದಿಲ್ಲ. ಮುಂದೊಂದು ದಿನ ಪರದೆ ಮೇಲೆ ಅಕ್ಷರದ ಬದಲು ಚೌಕ ಚೌಕ ಡಬ್ಬಿಗಳು ಕಂಡಾಗಲೇ ನಮಗೆ ಅವರ ನೆನಪಾಗೋದು :)

ಈ ಕೆಲಸಕ್ಕೆ ಹೊಸಬರು ಯಾಕೆ ಬರ್ತಿಲ್ಲ ಅಂತ ಕೇಳಿದರೆ "ಈಗಿನ ಹುಡುಗರಿಗೆ ಆಸಕ್ತಿ ಇಲ್ಲ ಬಿಡಿ" ಅನ್ನೋರೇ ಹೆಚ್ಚು. ನಾನು ಒಪ್ಪೋಲ್ಲ. ಆಸಕ್ತಿ ಇದೆ, ಬುದ್ಧಿಯೂ ಇದೆ. ಇಲ್ಲದಿರೋದು ದಾರಿ.

ಹಾಗಂತ ಡೆಬಿಯನ್‌ನಲ್ಲಿ ಓದೋಕೆ ಏನೂ ಇಲ್ಲ ಅಂತಲ್ಲ, ಜಾಸ್ತಿ ಇದೆ, ಅದೇ ತೊಂದರೆ! ಡೆಬಿಯನ್ ಪಾಲಿಸಿ ಒಂದು ಕಡೆ, ಡೆವಲಪರ್ಸ್ ರೆಫರೆನ್ಸ್ ಇನ್ನೊಂದು ಕಡೆ. ಜೋಸಿಪ್ ರೋಡಿನ್ ಶುರುಮಾಡಿದ ಹಳೆಯ 'ನ್ಯೂ ಮೇಂಟೇನರ್ಸ್ ಗೈಡ್' ಇದೆ. ಅದರ ಜಾಗಕ್ಕೆ ಒಸಾಮು ಅವೊಕಿ ಬರೆದ ಹೊಸ ಗೈಡ್ ಬಂದಿದ್ದರೂ ಹುಡುಕಿದರೆ ಹಳೆಯದೂ ಸಿಗುತ್ತೆ. ಇದರ ಮೇಲೆ ವಿಕಿಯ ಪುಟಗಳು ಬೇರೆ. ಯಾವುದು ಇವತ್ತಿನದು, ಯಾವುದು ಹಳೇದು ಅಂತ ಹೊಸಬರಿಗೆ ಹೇಗೆ ಗೊತ್ತಾಗಬೇಕು? ಒಂದು ಕಡೆ 'ರೂಲ್ಸ್' ಫೈಲು ಪುಟಗಟ್ಟಲೆ ಉದ್ದ, ಇನ್ನೊಂದು ಕಡೆ ಡೆಬ್‌ಹೆಲ್ಪರ್ ಪುಣ್ಯದಿಂದ ಮೂರೇ ಸಾಲು. ಹಳೆಯ ಪುಟದಲ್ಲಿ ಫಾಂಟ್ ಪ್ಯಾಕೇಜಿನ ಹೆಸರು 'ಟಿಟಿಎಫ್' ಅಂತ ಶುರುವಾಗುತ್ತೆ, ಹೊಸ ಪದ್ಧತಿಯಲ್ಲಿ 'ಫಾಂಟ್ಸ್' ಅಂತ. ಚಾಟ್‌ಬಾಟ್ ಕೇಳ್ಕೊಳ್ಳಿ ಅನ್ನೋರಿಗೂ ಇದೇ ಉತ್ತರ. ಅದೂ ಇದೇ ಹಳೇದು ಹೊಸದು ಬೆರೆತ ರಾಶಿಯನ್ನೇ ಓದಿಕೊಂಡಿರೋದು.

ನಮ್ಮ ರಾಜಾಜಿನಗರದ ವಿಳಾಸ ಹುಡುಕಿದವರಿಗೆ ಈ ಪಾಡು ಚೆನ್ನಾಗಿ ಗೊತ್ತು. ಅಂಕಿಯ ಬ್ಲಾಕು, ಅಕ್ಷರದ ಬ್ಲಾಕು, ಸ್ಟೇಜು, ಮೇನು, ಕ್ರಾಸು, ಸಾಲದ್ದಕ್ಕೆ 'ವೆಸ್ಟ್ ಆಫ್ ಕಾರ್ಡ್ ರೋಡ್'. ಇಡೀ ನಕ್ಷೆ ಕೈಗೆ ಕೊಟ್ಟರೂ ಮೊದಲ ಸಲ ಬಂದೋರು ಕಳೆದುಹೋಗ್ತಾರೆ. "ನವರಂಗ್ ಹತ್ರ ಇಳೀರಿ, ಹಿಂದಕ್ಕೆ ನಡೀರಿ, ಎರಡನೇ ಎಡ" ಅಂತ ಹೇಳೋರು ಒಬ್ಬರು ಬೇಕು. ನಕ್ಷೆ ತಪ್ಪಲ್ಲ, ಅದು ಊರು ಗೊತ್ತಿರೋರಿಗೆ. ಡೆಬಿಯನ್ ಪಾಲಿಸಿ ಅಂಥ ನಕ್ಷೆ. ಹೊಸಬರಿಗೆ ಬೇಕಾಗಿರೋದು ಒಂದು ಮನೆಗೆ ಒಂದು ದಾರಿ. ಕೆಳಗೆ ಅದನ್ನು ಬರೆದ ತಾರೀಖು ಇದ್ದರೆ ಇನ್ನೂ ಒಳ್ಳೇದು. ಇಲ್ಲದಿದ್ದರೆ "ಹಳೇ ಟಾಕೀಸ್ ಇತ್ತಲ್ಲ, ಅದರ ಎದುರು" ಅಂದ ಹಾಗೆ, ಟಾಕೀಸ್ ಒಡೆದು ಎಷ್ಟೋ ವರ್ಷ ಆಗಿರುತ್ತೆ!

ಆ ಮೊದಲ ದಾರಿಗೆ ಕನ್ನಡ ಫಾಂಟಿನಂಥ ಉದಾಹರಣೆ ಇನ್ನೊಂದಿಲ್ಲ. ಲೈಬ್ರರಿಗಳ ಜಂಜಾಟ ಇಲ್ಲ, ಸಿ ಕಂಪೈಲರ್ ಕಾಟ ಇಲ್ಲ. ಮೂಲ ಫೈಲನ್ನು ಫಾಂಟ್‌ಫೋರ್ಜ್‌ನಲ್ಲಿ ಫಾಂಟ್ ಮಾಡಿ ಸರಿಯಾದ ಜಾಗದಲ್ಲಿ ಇಡಬೇಕು, ಅಷ್ಟೇ. ಆದರೂ ಕಲಿಯಬೇಕಾದ್ದೆಲ್ಲಾ ಅದರೊಳಗೇ ಬರುತ್ತೆ. 'ನಾನು ಇದನ್ನು ಪ್ಯಾಕೇಜ್ ಮಾಡ್ತೀನಿ' ಅಂತ ಮೊದಲು ತಿಳಿಸೋ ಐಟಿಪಿ, ಕಂಟ್ರೋಲ್ ಫೈಲು, ಚೇಂಜ್‌ಲಾಗ್, ಲಿಂಟಿಯನ್‌ನ ಬೈಗುಳ ಎಲ್ಲಾ. ಲೈಸೆನ್ಸ್ ವಿಚಾರವಂತೂ ವಿವರವಾಗಿ ಬರೀಬೇಕು. ಹೊಸ ಪ್ಯಾಕೇಜನ್ನು ಎಫ್‌ಟಿಪಿ ಮಾಸ್ಟರ್‌ಗಳು ಲೈಸೆನ್ಸ್ ಸಮೇತ ನೋಡಿಯೇ ಒಳಗೆ ಬಿಡೋದು.

ಇನ್ನೂ ಮುಖ್ಯವಾದದ್ದು ಯಂತ್ರದ ವಿಷಯ ಅಲ್ಲ, ಜನರ ವಿಷಯ. ಹೊಸಬರ ಪ್ಯಾಕೇಜನ್ನು ಡೆಬಿಯನ್ ಡೆವಲಪರ್ ಒಬ್ಬರು ಸ್ಪಾನ್ಸರ್ ಆಗಿ ಅಪ್‌ಲೋಡ್ ಮಾಡಬೇಕು. ಕೇಳಿದ ಮೇಲೆ ಎರಡು ವಾರ ಉತ್ತರ ಬರದಿದ್ದರೆ ಅದರ ಅರ್ಥ ಏನು? ಪ್ಯಾಕೇಜ್ ಚೆನ್ನಾಗಿಲ್ಲ ಅಂತಲೋ, ಅವರಿಗೆ ಪುರುಸೊತ್ತಿಲ್ಲ ಅಂತಲೋ? ಮತ್ತೆ ಕೇಳಿದರೆ ತಪ್ಪಾಗುತ್ತಾ? ಸಂಕೋಚದ ನಮ್ಮ ಹುಡುಗ ಹುಡುಗಿಯರು ಇಲ್ಲೇ ನಿಂತುಬಿಡ್ತಾರೆ. "ಇನ್ನೊಮ್ಮೆ ಕೇಳಿ, ಯಾರೂ ಬೈಯೋಲ್ಲ" ಅನ್ನೋ ಒಂದು ಸಾಲು ಬೇಕು, ಅದೂ ಮೊದಲ ಪುಟದಲ್ಲೇ.

ಬಿಟ್ಟುಹೋಗುವ ದಾರಿಯನ್ನೂ ಮೊದಲ ದಿನವೇ ಹೇಳಬೇಕು. ಮದುವೆ ಆಗುತ್ತೆ, ಕೆಲಸ ಬದಲಾಗುತ್ತೆ, ಅಪ್ಪನಿಗೆ ಹುಷಾರಿರೋಲ್ಲ. ಆಗ 'ಆರ್‌ಎಫ್‌ಎ' ಹಾಕಿ ಬೇರೆಯವರನ್ನು ಕರೆಯಬಹುದು, ಆಗದಿದ್ದರೆ ಪ್ಯಾಕೇಜನ್ನು ಅನಾಥ ಅಂತ ಘೋಷಿಸಬಹುದು. ಅದು ಅವಮಾನ ಅಲ್ಲ. ೨೦೨೪ರ ಮಾರ್ಚ್‌ನಲ್ಲಿ ಬಯಲಾದ ಎಕ್ಸ್‌ಜೆಡ್ ಪ್ರಕರಣ ನೆನಪಿರಬಹುದು. ಅಲ್ಲಿ ಎಷ್ಟೋ ಕಂಪ್ಯೂಟರುಗಳು ನಂಬಿದ್ದ ಸಾಫ್ಟ್‌ವೇರನ್ನು ನೋಡಿಕೊಳ್ತಿದ್ದದ್ದು ದಣಿದಿದ್ದ ಒಬ್ಬರೇ ವ್ಯಕ್ತಿ, ಲಾಸ್ಸೆ ಕಾಲಿನ್. 'ಜಿಯಾ ಟಾನ್' ಅನ್ನೋ ಹೆಸರಿನಲ್ಲಿ ಯಾರೋ ಎರಡು ವರ್ಷ ಸಹಾಯ ಮಾಡ್ತಾ ನಂಬಿಕೆ ಗಳಿಸಿ ೫.೬.೦ ಆವೃತ್ತಿಯಲ್ಲಿ ಹಿಂಬಾಗಿಲು ಇಟ್ಟರು. ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್ ಲಾಗಿನ್ ಅರ್ಧ ಸೆಕೆಂಡ್ ನಿಧಾನ ಆಗಿದ್ದನ್ನು ಗಮನಿಸದಿದ್ದರೆ ಏನಾಗ್ತಿತ್ತೋ! ಡಾಕ್ಯುಮೆಂಟೇಶನ್ ಚೆನ್ನಾಗಿದ್ದಿದ್ದರೆ ಇದು ಆಗ್ತಿರಲಿಲ್ಲ ಅಂತ ನಾನು ಹೇಳ್ತಿಲ್ಲ. ಆದರೆ ಭಾರ ಹಂಚಿಕೊಳ್ಳೋ ದಾರಿ ಸುಲಭ ಇದ್ದಷ್ಟೂ ಒಬ್ಬಂಟಿ ಮೇಂಟೇನರ್‌ಗಳು ಕಡಿಮೆ ಆಗ್ತಾರೆ.

ಕೊನೆಯದಾಗಿ ಭಾಷೆ. ಹಳೆಯ ಗೈಡ್ ಜರ್ಮನ್, ಫ್ರೆಂಚ್, ಜಪಾನಿ, ಚೀನಿ ಭಾಷೆಗಳಲ್ಲಿ ಸಿಗುತ್ತೆ, ಕನ್ನಡದಲ್ಲಿ ಇಲ್ಲ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಕೆಂಗೇರಿ ಕಡೆಯ ಇಂಜಿನಿಯರಿಂಗ್ ಕಾಲೇಜಿಗೆ ಸೇರೋರು ಎಷ್ಟೋ ಜನ. ಅವರಿಗೆ ಇಂಗ್ಲಿಷಿನ ಪಾಲಿಸಿ ಅರ್ಥ ಆಗೋದೇ ಇಲ್ಲ ಅಂತಲ್ಲ. ಕನ್ನಡದಲ್ಲಿ ನಾಲ್ಕು ಪುಟ ಕಂಡರೆ 'ಇದು ನಮಗೂ ಸೇರಿದ್ದು' ಅನ್ನಿಸುತ್ತೆ. ಅದಕ್ಕೆ ಪ್ಯಾಕೇಜಿಗೆ ಪೊಟ್ಟಣ, ಮೇಂಟೇನರ್‌ಗೆ ನಿರ್ವಾಹಕ ಅಂತೆಲ್ಲಾ ಪದ ಕಟ್ಟೋ ಅಗತ್ಯ ಇಲ್ಲ. ಸುಮ್ಮನೆ ನಾವು ಮಾತಾಡೋ ಕನ್ನಡ ಸಾಕು.

ಯಾರು ಬರೀಬೇಕು? ಪಂಡಿತರಲ್ಲ. ಹತ್ತು ವರ್ಷದಿಂದ ಪ್ಯಾಕೇಜ್ ಮಾಡ್ತಿರೋರಿಗೆ ಮೊದಲ ದಿನ ಎಲ್ಲಿ ಎಡವಿದ್ದೆ ಅನ್ನೋದೇ ಮರೆತಿರುತ್ತೆ. ಮೊದಲ ಪ್ಯಾಕೇಜ್ ಈಗ ತಾನೇ ಒಳಗೆ ಹೋದವರು ಅದೇ ವಾರ ಕೂತು ಬರೀಬೇಕು. ನಿಮ್ಮಲ್ಲಿ ಅಂಥವರು ಯಾರಾದರೂ ಇದ್ದರೆ ದಯವಿಟ್ಟು ಶುರುಮಾಡಿ. ಓದಿ ತಿದ್ದೋ ಕೆಲಸಕ್ಕೆ ನಾನು ಸಿದ್ಧ. ಏನಂತೀರಾ?