ಭಾನುವಾರವೂ ಬಿಡುವಿಲ್ಲ

ಭಾನುವಾರದ ಬಲಿಪೂಜೆ ಮುಗಿಯುವ ಹೊತ್ತಿಗೆ ಓದುವ ಪ್ರಕಟಣೆಗಳನ್ನು ಒಮ್ಮೆ ಕಿವಿಗೊಟ್ಟು ಕೇಳಿ. ಪಾಲನಾ ಮಂಡಳಿಯ ಸಭೆ, ವಾಳೆಯ ಗುರಿಕಾರರ ಸಭೆ, ಮಕ್ಕಳ ಕ್ರೈಸ್ತ ಶಿಕ್ಷಣ, ಯುವಜನರ ಶ್ರಮದಾನ, ಗಾಯನ ಮಂಡಳಿಯ ತಾಲೀಮು, ಬರಲಿರುವ ಹಬ್ಬದ ತಯಾರಿ. ಇದರಲ್ಲಿ ಬೇಡದ್ದು ಒಂದೂ ಇಲ್ಲ. ಆದರೆ ಎಲ್ಲ ಸೇರಿದರೆ ವಾರದಲ್ಲಿ ಉಳಿದಿದ್ದ ಒಂದು ದಿನವೂ ಕಚೇರಿಯ ದಿನವೇ; ಸಂಬಳ ಮಾತ್ರ ಇಲ್ಲ. ಇಷ್ಟಕ್ಕೆಲ್ಲ ಓಡಾಡುವವರನ್ನು ಭಕ್ತಿವಂತರೆಂದು ಹೊಗಳುತ್ತೇವೆ. ಪೂಜೆ ಮುಗಿಸಿ ಮನೆಯಲ್ಲಿ ಮಕ್ಕಳೊಂದಿಗೆ ಹರಟುತ್ತ ಕೂತವನಿಗೆ ಚರ್ಚಿನ ಕೆಲಸವೆಂದರೆ ಅಷ್ಟಕ್ಕಷ್ಟೇ ಎಂದುಬಿಡುತ್ತೇವೆ.

ಕ್ರೈಸ್ತ ಚಿಂತನೆಯ ಹಳೆಯ ದಾರಿ ಹೀಗಿರಲಿಲ್ಲ. 13ನೇ ಶತಮಾನದ ಸಂತ ತೋಮಸ್ ಅಕ್ವಿನಾಸರು ಆಲಸ್ಯವನ್ನು ಸಬ್ಬತ್ ದಿನದ ಕಟ್ಟಳೆಗೆ ವಿರುದ್ಧವಾದ ಪಾಪವೆಂದು ಗುರುತಿಸಿದರು. ತಲೆಕೆಳಗಾದ ಮಾತಿನಂತೆ ಕಾಣುತ್ತದೆ. ಕೆಲಸ ನಿಲ್ಲಿಸು ಎನ್ನುವ ಕಟ್ಟಳೆಯನ್ನು ಸೋಮಾರಿ ಮುರಿಯುವುದಾದರೂ ಹೇಗೆ? ಅವರು ಹೇಳುತ್ತಿದ್ದುದು ಮೈಗಳ್ಳತನದ ಮಾತಲ್ಲ. ದೇವರ ಸನ್ನಿಧಿಯಲ್ಲಿ ಸಂತೋಷದಿಂದ ಇರಲಾರದ ಬೇಸರದ ಮಾತು. ಆ ಬೇಸರ ಹೊಕ್ಕ ಮನಸ್ಸು ಸುಮ್ಮನೆ ಕೂರುವುದಿಲ್ಲ, ಏನಾದರೊಂದನ್ನು ಹಚ್ಚಿಕೊಂಡು ಓಡುತ್ತಲೇ ಇರುತ್ತದೆ. ಜರ್ಮನಿಯ ತತ್ತ್ವಜ್ಞಾನಿ ಯೋಸೆಫ್ ಪೀಪರ್ ಬಿಡುವಿನ ಕುರಿತು 1948ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಹಿಡಿದು ಹೊರಟದ್ದು ಈ ಎಳೆಯನ್ನೇ. ಆಗ ಅವರ ದೇಶದ ನಗರಗಳು ಬಾಂಬಿಗೆ ಕುಸಿದು ಬಿದ್ದಿದ್ದವು. ಮನೆ ಕಟ್ಟುವ ಹೊತ್ತಿನಲ್ಲಿ ಬಿಡುವಿನ ಮಾತೇ ಎಂಬ ಆಕ್ಷೇಪವನ್ನು ಪೀಪರ್ ತಾವೇ ಮೊದಲಿಗೆ ಎತ್ತಿಕೊಂಡು, ಕಟ್ಟಬೇಕಾದದ್ದು ಬರೀ ಗೋಡೆಯಲ್ಲ ಎಂದು ಉತ್ತರಿಸಿದರು. ಓಡಾಟವೂ ಆಲಸ್ಯವೂ ಒಂದೇ ಮನೆಯ ಮಕ್ಕಳು ಎಂಬ ಈ ಮಾತು ನಮ್ಮ ಪ್ರವಚನಗಳಲ್ಲಿ ಕೇಳಿಬರುವುದು ತೀರ ಕಡಿಮೆ.

ಸೇವೆಯ ಹೆಸರಿನಲ್ಲಿ ಬಿಡುವನ್ನು ಕೈಬಿಡುವವರು ಮಾರ್ಕನ ಶುಭಸಂದೇಶದ 6ನೇ ಅಧ್ಯಾಯವನ್ನು ಮುಂದಿಡುತ್ತಾರೆ. ಊಟಕ್ಕೂ ಪುರುಸೊತ್ತಿಲ್ಲದ ಶಿಷ್ಯರನ್ನು ಯೇಸು ವಿಶ್ರಾಂತಿಗೆಂದು ನಿರ್ಜನ ಸ್ಥಳಕ್ಕೆ ಕರೆದೊಯ್ಯುತ್ತಾರೆ. ದೋಣಿ ದಡ ಮುಟ್ಟುವಷ್ಟರಲ್ಲಿ ಜನ ಅಲ್ಲಿ ನೆರೆದಾಗಿರುತ್ತದೆ. ಯೇಸು ಕನಿಕರಪಟ್ಟು ಬೋಧಿಸುತ್ತಾರೆ, ಐದು ಸಾವಿರ ಜನಕ್ಕೆ ಉಣಿಸುತ್ತಾರೆ. ನಿಜ, ಅಂದಿನ ವಿಶ್ರಾಂತಿ ಕೆಟ್ಟಿತು. ಆದರೆ ಪುಸ್ತಕವನ್ನು ಅಲ್ಲಿಗೇ ಮುಚ್ಚಬಾರದು. ಊಟವಾದ ಮೇಲೆ ಅವರು ಶಿಷ್ಯರನ್ನು ದೋಣಿ ಹತ್ತಿಸಿ, ಜನರನ್ನು ಬೀಳ್ಕೊಟ್ಟು, ಪ್ರಾರ್ಥನೆಗೆಂದು ಬೆಟ್ಟಕ್ಕೆ ಹೋದರು. ಬೇಡುವವರು ಮುಗಿದಿದ್ದರೆಂದಲ್ಲ. ಬೇಡುವವರು ಎಂದೂ ಮುಗಿಯುವುದಿಲ್ಲ.

ಬಿಡುವಿನ ಮಾತು ಉಳ್ಳವರ ಮಾತಾಗಿಬಿಡುವ ಅಪಾಯವೂ ಇದೆ. ಸಬ್ಬತ್ತಿಗೆ ಬೈಬಲ್ ಎರಡು ಕಾರಣ ಕೊಡುತ್ತದೆ. ವಿಮೋಚನಾಕಾಂಡದಲ್ಲಿ, ದೇವರು ಸೃಷ್ಟಿ ಮುಗಿಸಿ ಏಳನೆಯ ದಿನ ವಿಶ್ರಮಿಸಿದ್ದು. ಧರ್ಮೋಪದೇಶಕಾಂಡದಲ್ಲಿ, ನೀವೂ ಈಜಿಪ್ಟಿನಲ್ಲಿ ಗುಲಾಮರಾಗಿದ್ದಿರಿ ಎಂಬ ನೆನಪು. ಆದ್ದರಿಂದ ಆ ದಿನ ಯಜಮಾನನ ಜತೆಗೆ ಆಳುಮಗ, ಆಳುಮಗಳು, ಎತ್ತು, ಕತ್ತೆ, ಪರಊರಿನವನು ಎಲ್ಲರಿಗೂ ಬಿಡುವು. ಇದನ್ನು ಮರೆಯಲು ಹೆಚ್ಚು ಕಾಲ ಬೇಕಾಗಲಿಲ್ಲ. ಚಕ್ರವರ್ತಿ ಕಾನ್‌ಸ್ಟಂಟೈನ್ 321ರಲ್ಲಿ ಭಾನುವಾರವನ್ನು ರಜೆಯೆಂದು ಸಾರಿದಾಗ ವಿರಾಮ ಸಿಕ್ಕಿದ್ದು ನಗರದ ನ್ಯಾಯಾಧೀಶರಿಗೆ, ಕುಶಲಕರ್ಮಿಗಳಿಗೆ. ಹೊಲದಲ್ಲಿ ಮಾತ್ರ ಕೆಲಸ ನಡೆಯಬಹುದಿತ್ತು. ನಮ್ಮಲ್ಲಿ ಮುಂಬೈಯ ಗಿರಣಿ ಕಾರ್ಮಿಕರಿಗೆ 1890ರಲ್ಲಿ ಭಾನುವಾರದ ರಜೆ ಗಳಿಸಿಕೊಟ್ಟವರು ಪಾದ್ರಿಗಳಲ್ಲ, ಜ್ಯೋತಿಬಾ ಫುಲೆಯವರ ಅನುಯಾಯಿ ನಾರಾಯಣ ಮೇಘಾಜಿ ಲೋಖಂಡೆ. ಮರುವರ್ಷ ಪೋಪ್ ಹದಿಮೂರನೇ ಲಿಯೊ ಅವರ ಕಾರ್ಮಿಕ ಪರಿಪತ್ರ ಹೊರಬಂತು, ಭಾನುವಾರದ ವಿಶ್ರಾಂತಿ ಅದರಲ್ಲೂ ಇತ್ತು.

ಇಂದು ನಮ್ಮ ಮನೆಗಳಲ್ಲಿ ಭಾನುವಾರ ಯಾರಿಗೆ ಬರುತ್ತದೆ? ಬೆಳಗಿನ ಮೊದಲ ಪೂಜೆಗೆ ಹೋಗಿ ಬಂದು, ಬಂದ ನೆಂಟರಿಗೆಲ್ಲ ಮಧ್ಯಾಹ್ನದವರೆಗೆ ಒಲೆಯ ಮುಂದೆ ನಿಂತ ಹೆಂಗಸಿಗೆ ಬರುವುದಿಲ್ಲ. ಪಾತ್ರೆ ತಿಕ್ಕಲು ಅದೇ ದಿನ ತಪ್ಪದೆ ಬರಬೇಕಾದ ಕೆಲಸದಾಕೆಗಂತೂ ಇಲ್ಲವೇ ಇಲ್ಲ. ಪಾಪನಿವೇದನೆಗೆ ಮುಂಚೆ ಮಾಡುವ ಆತ್ಮಪರಿಶೋಧನೆಯಲ್ಲಿ, ಭಾನುವಾರದ ಪೂಜೆ ತಪ್ಪಿಸಿದೆನೇ ಎಂಬ ಪ್ರಶ್ನೆ ಹಿಂದಿನಿಂದಲೂ ಇದೆ. ಯಾರ ಭಾನುವಾರವನ್ನು ಕಿತ್ತುಕೊಂಡೆ, ರಜೆ ಕೊಟ್ಟ ದಿನದ ಕೂಲಿ ಹಿಡಿದೆನೇ ಎಂಬ ಪ್ರಶ್ನೆಗಳನ್ನೂ ಅದರ ಕೆಳಗೆ ಬರೆದುಕೊಳ್ಳಲು ಯಾವ ಧರ್ಮಾಧ್ಯಕ್ಷರ ಅಪ್ಪಣೆಯೂ ಬೇಕಾಗಿಲ್ಲ.